ನಿಂತ ಗಾಡಿಯ ಬ್ಯಾಟರಿ

ಮಿರಗ ಹಿಡಿಯುತ್ತಿದ್ದಂತೆ ಖಾನಾಪುರ ತಾಲ್ಲೂಕಿನಲ್ಲಿ ಒಂದೊಂದೇ ಗಾಡಿ ನಿಲ್ಲತೊಡಗುತ್ತದೆ. ಇಟ್ಟಂಗಿ ಭಟ್ಟಿಗಳು ಬಂದ್ ಆಗಿ, ಇಟ್ಟಂಗಿ ಹೇರುವ ಟ್ರಕ್ಕುಗಳು ತಾಡಪತ್ರಿ ಹೊದ್ದು ಕೂರುತ್ತವೆ. ಕಬ್ಬಿನ ಗಾಡಿ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಕೆಲವು ಹಂಗಾಮು ಮುಗಿದಾಗಿನಿಂದಲೇ ನಿಂತಿರುತ್ತವೆ. ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಅಮಗಾಂವದಂಥ ಊರುಗಳ ದಾರಿಯಲ್ಲಿ ಹಳ್ಳ ತುಂಬಿತೆಂದರೆ, ಜೀಪು, ಬೈಕುಗಳನ್ನು ಡಾಂಬರು ರಸ್ತೆಯ ಪಕ್ಕದ ಬೀಗರ ಮನೆಯಲ್ಲೋ ಪರಿಚಯದವರ ಕೊಟ್ಟಿಗೆಯಲ್ಲೋ ಬಿಟ್ಟು ಜನ ನಡೆದೇ ಒಳಗೆ ಹೋಗುತ್ತಾರೆ. ಮಳೆ ಇಳಿದು, ದಾರಿ ಗಟ್ಟಿಯಾಗಿ, ಆ ಗಾಡಿಗಳು ಮತ್ತೆ ಊರು ಸೇರುವಾಗ ಉತ್ತರಿ ಮಳೆ ಬಂದಿರುತ್ತದೆ, ಕೆಲವು ವರ್ಷ ಹಸ್ತವೂ.

ಬೆಳಗಾವಿ ಶಹರದಲ್ಲಿ ಗಾಡಿ ನಿಲ್ಲುವುದಕ್ಕೆ ಮಳೆಯೇ ಬೇಕೆಂದಿಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ನೂರು ವರ್ಷಗಳಿಂದ ಇಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಫೌಜಿಗೆ ಹೋದವರ ಮನೆಗಳು ಬಹಳ. ಸೂಟಿಯ ಮೇಲೆ ಬಂದಾಗ ಹುರುಪಿನಿಂದ ಕೊಂಡ ಬೈಕು, ಹುಡುಗ ಜಮ್ಮುವಿಗೋ ಅಸ್ಸಾಮಿಗೋ ಹೊರಟ ಮೇಲೆ ಮುಂದಿನ ಸೂಟಿಯವರೆಗೆ ಅಂಗಳದಲ್ಲೇ ನಿಂತಿರುತ್ತದೆ. ತಿಳಕವಾಡಿ, ಹಿಂದವಾಡಿಗಳ ಮನೆಗಳಲ್ಲಿ ಇನ್ನೊಂದು ಕಥೆ. ಮಕ್ಕಳು ಪುಣೆಯಲ್ಲಿ, ಬೆಂಗಳೂರಿನಲ್ಲಿ, ಸಮುದ್ರದಾಚೆ. ಮನೆಯಲ್ಲಿ ವಯಸ್ಸಾದ ಇಬ್ಬರು, ಪೋರ್ಚಿನಲ್ಲಿ ಒಂದು ಕಾರು. ಅದು ಹೊರಗೆ ಬರುವುದು ದವಾಖಾನೆಗೆ ಹೋಗುವ ದಿನ, ಇಲ್ಲವೇ ಮಗಳು ಊರಿಗೆ ಬಂದ ದಿನ.

ಈ ನಿಂತ ಗಾಡಿಗಳನ್ನೆಲ್ಲ ನೋಡಿಕೊಳ್ಳುವವರು ಹಳೆ ಪಿ.ಬಿ. ರಸ್ತೆ, ಆಟೋನಗರ, ಉದ್ಯಮಬಾಗದ ಕಡೆಯ ಬ್ಯಾಟರಿ ಅಂಗಡಿಯವರು, ಖಾನಾಪುರ ಪೇಟೆಯಲ್ಲಿ ಬ್ಯಾಟರಿ ಚಾರ್ಜಿಂಗ್ ಬೋರ್ಡು ಹಾಕಿಕೊಂಡವರು. ಅವರದು ಬಹಳ ಸೂಕ್ಷ್ಮದ ಕೆಲಸ. ಎಂಜಿನ್ ಮಿಸ್ತ್ರಿಗೆ ಸಿಗುವ ಮರ್ಯಾದೆ ಅವರಿಗೆ ಸಿಗುವುದಿಲ್ಲ, ಸಿಗಬೇಕು. ಆ ಕೆಲಸ ಏನು, ಅದರಲ್ಲಿ ಜಾಣತನ ಎಲ್ಲಿದೆ ಎಂದು ಬಿಡಿಸಿ ಹೇಳುವ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಅವರ ಕಟ್ಟೆಯ ಮುಂದೆ ಇಂಥ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ.

“ಮಾಮಾ, ಗಾಡಿ ನಿಂತು ಎಷ್ಟ ದಿನಾ ಆತ್ರೀ?”

“ಮಗಾ ದೀಪಾವಳಿ ಮುಗಿಸಿ ಹೋದಾಂವ. ಈಗ ಹೋಳಿಹುಣ್ಣಿವಿ ಬಂತ ನೋಡ.”

“ಬ್ಯಾಟರಿ ವಯರ್ ಬಿಚ್ಚಿದ್ರೇನ್ರೀ?”

“ಅದನ್ಯಾಕ ಬಿಚ್ಚೂದೋ ತಮ್ಮಾ? ಚಾವಿ ತಗದ ಕಪಾಟಿನ್ಯಾಗ ಇಟ್ಟೇನಿ.”

ಚಾವಿ ತೆಗೆದರೆ ಗಾಡಿ ಮಲಗುತ್ತದೆ ಎಂಬ ನಂಬಿಕೆ ಹಳೆಯ ಜೀಪಿನ ಕಾಲಕ್ಕೆ ಸರಿಯಾಗಿತ್ತು. ಈಗಿನ ಕಾರಿನಲ್ಲಿ ಗಡಿಯಾರ ಓಡುತ್ತಿರುತ್ತದೆ, ಕಳ್ಳಗಂಟೆ ಎಚ್ಚರವಾಗಿರುತ್ತದೆ, ರಿಮೋಟ್ ಚಾವಿಯ ಸದ್ದಿಗಾಗಿ ಬಾಗಿಲು ಕಾದಿರುತ್ತದೆ, ಎಂಜಿನ್ನಿನ ಕಂಪ್ಯೂಟರು ತಾನು ಕಲಿತದ್ದನ್ನು ನೆನಪಿಟ್ಟುಕೊಂಡಿರುತ್ತದೆ. ಎಲ್ಲ ಸೇರಿ ಎಳೆಯುವ ಕರೆಂಟು ತೀರ ಸಣ್ಣದು. 30 ಮಿಲಿ ಆಂಪಿಯರ್ ಎಂದು ಹಿಡಿಯೋಣ. ದಿನಕ್ಕೆ 24 ತಾಸು, ಅಂದರೆ 0.72 ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರಿನದು. ಇಪ್ಪತ್ನಾಲ್ಕೇ ದಿನಕ್ಕೆ ಅರ್ಧ ಖಾಲಿ. ಯಾರೋ ಹಾಕಿಸಿದ ಅಗ್ಗದ ಜಿಪಿಎಸ್ಸೋ ಟೇಪೋ ಇದ್ದರೆ ಅಷ್ಟು ದಿನವೂ ಬೇಡ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಗಿ, ಎರಡು ತಿಂಗಳ ಮೇಲೆ ಜನ ಕಾರಿನ ಬಾಗಿಲು ತೆಗೆದಾಗ ದೇಶದ ತುಂಬ ‘ಟಕ್, ಟಕ್’ ಎಂಬ ಸದ್ದೊಂದೇ ಕೇಳಿದ್ದು ಈ ಲೆಕ್ಕದಿಂದಲೇ.

ವಯರ್ ಬಿಚ್ಚಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ. ಇದನ್ನು ತಿಳಿಯಲು ಒಳಗೆ ಏನಿದೆ ಎಂದು ನೋಡಬೇಕು. ಆರು ಮನೆ, ಅಂದರೆ ಸೆಲ್ಲು, ಮನೆಗೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ಪ್ರತಿ ಮನೆಯಲ್ಲಿ ಎರಡು ಬಗೆಯ ಪ್ಲೇಟುಗಳು: ಪ್ಲಸ್ಸಿನದು ಸೀಸದ ಡೈಆಕ್ಸೈಡ್, ಕಡು ಕಂದು, ಮೈನಸ್ಸಿನದು ಸ್ಪಂಜಿನ ಹಾಗಿರುವ ಬೂದು ಸೀಸ. ನಡುವೆ ನೀರು ಬೆರೆತ ಗಂಧಕಾಮ್ಲ. ಕರೆಂಟು ಕೊಡುವಾಗ ಆಮ್ಲದಲ್ಲಿನ ಸಲ್ಫೇಟು ಎರಡೂ ಪ್ಲೇಟುಗಳಿಗೆ ಹೋಗಿ ಕೂರುತ್ತದೆ, ಎರಡೂ ಸೀಸದ ಸಲ್ಫೇಟ್ ಆಗುತ್ತವೆ, ಆಮ್ಲ ತೆಳುವಾಗಿ ನೀರಿನತ್ತ ಸರಿಯುತ್ತದೆ. ಚಾರ್ಜಿಗೆ ಹಾಕಿದರೆ ಸಲ್ಫೇಟು ಪ್ಲೇಟು ಬಿಟ್ಟು ಆಮ್ಲಕ್ಕೆ ಮರಳುತ್ತದೆ. ಫ್ರಾನ್ಸಿನ ಗಾಸ್ತೊಂ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಆಮ್ಲದಲ್ಲಿಟ್ಟು ಕಂಡುಕೊಂಡದ್ದು ಇದನ್ನೇ. 1881ರಲ್ಲಿ ಕಾಮಿಲ್ ಫೋರ್ ಎಂಬವನು ಪ್ಲೇಟಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚುವ ಉಪಾಯ ತಂದ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಹ್ಯಾಂಡಲ್ ತಿರುಗಿಸುವ ಬದಲು ಸೆಲ್ಫ್ ಬಂತು; ಅಲ್ಲಿಂದ ಬ್ಯಾಟರಿಯಿಲ್ಲದೆ ಮೋಟಾರಿಲ್ಲ ಎಂಬ ಸ್ಥಿತಿ. ಅಂದಿನ ರಸಾಯನವೇ ಇಂದಿಗೂ ಖಾನಾಪುರದ ಟ್ರ್ಯಾಕ್ಟರಿನಲ್ಲಿ ಕೂತಿದೆ.

ಸಲ್ಫೇಟು ಪ್ಲೇಟಿನ ಮೇಲೆ ಕೂರುವುದು ತಪ್ಪಲ್ಲ, ಅದೇ ಬ್ಯಾಟರಿಯ ಬದುಕು. ಅದು ಬಹಳ ದಿನ ಅಲ್ಲೇ ಕೂತರೆ ಕಷ್ಟ. ಹೊಸದಾಗಿ ಕೂತ ಸಲ್ಫೇಟಿನ ಹರಳು ಬಲು ಸಣ್ಣದು, ಚಾರ್ಜಿಗೆ ಹಾಕಿದ ಕೂಡಲೇ ಕರಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬಿಟ್ಟರೆ ಸಣ್ಣ ಹರಳುಗಳು ಕೂಡಿ ದೊಡ್ಡವಾಗುತ್ತವೆ, ಗಟ್ಟಿಯಾಗುತ್ತವೆ, ಪ್ಲೇಟಿನ ರಂಧ್ರಗಳನ್ನು ಮುಚ್ಚುತ್ತವೆ. ಆಮೇಲೆ ಚಾರ್ಜರು ಎಷ್ಟೇ ಒತ್ತಿದರೂ ಅಷ್ಟು ಭಾಗ ಸತ್ತ ಹಾಗೆಯೇ. ‘ಪ್ಲೇಟ್ ಬಿಳೀ ಆಗ್ಯಾವ’ ಎಂದು ಮಿಸ್ತ್ರಿ ಹೇಳುವುದು ಇದಕ್ಕೆ. ತುಂಬಿದ ಬ್ಯಾಟರಿಯಲ್ಲಿ ಸಲ್ಫೇಟೇ ಕಡಿಮೆ, ಹಾಗಾಗಿ ಗಟ್ಟಿಯಾಗಲು ಅಲ್ಲಿ ಏನೂ ಇರುವುದಿಲ್ಲ. ನಿಲ್ಲಿಸುವ ಬ್ಯಾಟರಿಯನ್ನು ತುಂಬಿಸಿ ನಿಲ್ಲಿಸಬೇಕು, ತುಂಬಿದ್ದನ್ನು ತುಂಬಿದಂತೆಯೇ ಕಾಯಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಇಳಿಯುವ ವೇಗ ಹವೆಯ ಮೇಲೂ ಇದೆ. ಈಗಿನ ಕ್ಯಾಲ್ಸಿಯಂ ಪ್ಲೇಟಿನ ಬ್ಯಾಟರಿ ಸಾಧಾರಣ ಸೆಕೆಯಲ್ಲಿ ತಿಂಗಳಿಗೆ ಶೇಕಡಾ ನಾಲ್ಕೈದು ಇಳಿಯುತ್ತದೆ, ಹಳೆಯ ಆಂಟಿಮನಿ ಪ್ಲೇಟಿನದು ಅದಕ್ಕಿಂತ ಬಹಳ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಳಿತ ಹೆಚ್ಚೂಕಡಿಮೆ ಇಮ್ಮಡಿ. ಹೀಗಾಗಿ ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ ನಿಂತ ಟ್ರ್ಯಾಕ್ಟರಿಗೆ ಬೇಗ ಚಾರ್ಜು ಬೇಕು, ಡಿಸೆಂಬರಿನ ಬೆಳಗಾವಿಯ ಚಳಿಯಲ್ಲಿ ನಿಂತದ್ದಕ್ಕೆ ತಡವಾದರೂ ನಡೆಯುತ್ತದೆ. ಲಡಾಖಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಕಡೆಯ ಡ್ರೈವರುಗಳಿಗೆ ಚಳಿಯ ಇನ್ನೊಂದು ಮುಖ ಗೊತ್ತು. ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ನೀರಿಗೆ ಹತ್ತಿರವಾಗಿರುವುದರಿಂದ ಮೈನಸ್ 10ರ ಆಸುಪಾಸಿನಲ್ಲೇ ಹಿಮವಾಗಿ ಡಬ್ಬಿಯನ್ನೇ ಒಡೆಯುತ್ತದೆ. ಅಲ್ಲಿಂದ ಬಂದವರು ಬ್ಯಾಟರಿ ಇಳಿಯಲು ಬಿಡುವುದಿಲ್ಲ.

ಇನ್ನು ಮಿಸ್ತ್ರಿಯ ಕೈ ನೋಡೋಣ. ಬ್ಯಾಟರಿ ಕಟ್ಟೆಯ ಮೇಲೆ ಬಂತು. ಅವನು ಮೊದಲು ಮೀಟರು ಹಚ್ಚುವುದಿಲ್ಲ, ಒರೆಸುತ್ತಾನೆ. ಮೇಲೆ ಧೂಳು, ಎಣ್ಣೆ, ಉಕ್ಕಿದ ಆಮ್ಲದ ತೇವ. ಒಮ್ಮೊಮ್ಮೆ, ನೋಡುವವರಿಗೆ ತಿಳಿಯಲೆಂದು, ಮಲ್ಟಿಮೀಟರಿನ ಕರಿ ಕಡ್ಡಿಯನ್ನು ಮೈನಸ್ ಮೇಲಿಟ್ಟು ಕೆಂಪು ಕಡ್ಡಿಯನ್ನು ಟರ್ಮಿನಲ್ಲಿಗಲ್ಲ, ಬರಿಯ ಪ್ಲಾಸ್ಟಿಕ್ ಮುಚ್ಚಳದ ಮೇಲಿನ ಒದ್ದೆ ಧೂಳಿಗೆ ಮುಟ್ಟಿಸುತ್ತಾನೆ. ಮೀಟರು ಒಂದೋ ಎರಡೋ ವೋಲ್ಟು ತೋರಿಸುತ್ತದೆ. ಆ ಕೊಳೆಯ ಮೇಲೆಯೇ ಕರೆಂಟು ಪ್ಲಸ್ಸಿನಿಂದ ಮೈನಸ್ಸಿಗೆ ಹರಿಯುತ್ತಿದೆ ಎಂದರ್ಥ. ಕಣಕುಂಬಿ, ಜಾಂಬೋಟಿ ಕಡೆಯ ಮಳೆಗಾಲದಲ್ಲಿ ಗೋಡೆ, ಬಟ್ಟೆ, ಬೆಂಕಿಪೆಟ್ಟಿಗೆ ಎಲ್ಲ ತೇವ. ಅಲ್ಲಿ ಈ ಹರಿವು ದಿನದ ಇಪ್ಪತ್ನಾಲ್ಕು ತಾಸೂ ನಡೆಯುತ್ತದೆ. ಅಡುಗೆ ಸೋಡಾ ಕಲಸಿದ ನೀರಿನಿಂದ ಹಳೆಯ ಬ್ರಷ್ಷಿನಲ್ಲಿ ತಿಕ್ಕಿದರೆ ಆಮ್ಲವಿದ್ದಲ್ಲೆಲ್ಲ ನೊರೆಯೇಳುತ್ತದೆ. ನೊರೆ ನಿಂತ ಮೇಲೆ ಸ್ವಚ್ಛ ನೀರು, ಒಣ ಬಟ್ಟೆ. ಸೋಡಾದ ಒಂದು ಹನಿಯೂ ಮನೆಯೊಳಗೆ ಬೀಳಬಾರದೆಂದು ಆರೂ ಮುಚ್ಚಳಗಳನ್ನು ಮೊದಲೇ ಬಿಗಿ ಮಾಡಿರುತ್ತಾನೆ.

ಆಮೇಲೆ ಹೈಡ್ರೋಮೀಟರು. ಗಾಜಿನ ನಳಿಗೆ, ಮೇಲೆ ರಬ್ಬರಿನ ಗುಳ್ಳೆ, ಒಳಗೆ ತೇಲುವ ಸಣ್ಣ ಗಾಜಿನ ಕಡ್ಡಿ. ಮುಚ್ಚಳ ತಿರುಗಿಸಿ ತೆಗೆದು, ಗುಳ್ಳೆ ಒತ್ತಿ, ಮೂತಿಯನ್ನು ಆಮ್ಲದಲ್ಲಿ ಅದ್ದಿ ನಿಧಾನ ಬಿಡುತ್ತಾನೆ. ಕಡ್ಡಿ ನಳಿಗೆಯ ಗೋಡೆಗೆ ಅಂಟಬಾರದು, ಮೇಲಿನ ರಬ್ಬರಿಗೂ ತಾಗಬಾರದು, ನಡುವೆ ತೇಲಬೇಕು. ನಳಿಗೆಯನ್ನು ಮೇಲೆತ್ತಿ ನೋಡುವುದಿಲ್ಲ, ತಾನೇ ಬಗ್ಗಿ ಕಣ್ಣನ್ನು ಆಮ್ಲದ ಮಟ್ಟಕ್ಕೆ ತರುತ್ತಾನೆ. ಎತ್ತಿದರೆ ಹನಿ ಬೀಳುತ್ತದೆ, ಹನಿ ಬಿದ್ದ ಅಂಗಿ ಮರುದಿನ ತೂತು. ‘ಹನ್ನೆರಡು ನಲವತ್ತು’ ಎಂದು ಹೇಳಿ ಆಮ್ಲವನ್ನು ಅದೇ ಮನೆಗೆ ಹಿಂದಕ್ಕೆ ಬಿಡುತ್ತಾನೆ. ಹೀಗೆ ಆರು ಸಲ. ನೀರು 1.000 ಎಂದಾದರೆ ತುಂಬಿದ ಬ್ಯಾಟರಿಯ ಆಮ್ಲ 1.250ರಿಂದ 1.280, ಕಂಪನಿಗೆ ತಕ್ಕಂತೆ, 1.190ರ ಹತ್ತಿರ ಬಂದರೆ ಅರ್ಧ, 1.120 ಆದರೆ ಖಾಲಿ. ಆದರೆ ಅವನು ಅಂಕಿಗಿಂತ ಹೆಚ್ಚಾಗಿ ನೋಡುವುದು ಆರು ಅಂಕಿಗಳ ನಡುವಿನ ಅಂತರವನ್ನು. ಐದು ಮನೆ 1.220 ತೋರಿಸಿ ಒಂದೇ ಒಂದು 1.150 ತೋರಿಸಿತೆಂದರೆ ಆ ಬ್ಯಾಟರಿ ನಿಂತದ್ದರಿಂದ ಇಳಿದದ್ದಲ್ಲ, ಅದರ ಒಂದು ಮನೆ ಕೆಟ್ಟಿದೆ. ಆರೂ ಸಮನಾಗಿ 1.150 ಇದ್ದರೆ ಆಸೆಯಿದೆ. ಖಾಲಿ ಬ್ಯಾಟರಿಗೂ ಕೆಟ್ಟ ಬ್ಯಾಟರಿಗೂ ಇರುವ ಈ ವ್ಯತ್ಯಾಸ ಹೇಳುವ ಮಿಸ್ತ್ರಿ ಗಿರಾಕಿಗೆ ಹೊಸ ಬ್ಯಾಟರಿಯ ಖರ್ಚು ಉಳಿಸುತ್ತಾನೆ.

ಮುಚ್ಚಳವೇ ಇಲ್ಲದ ಸೀಲು ಬ್ಯಾಟರಿಗಳಿಗೆ ಮೀಟರೇ ಗತಿ. ಕೆಲವು ತಾಸು ಸುಮ್ಮನಿಟ್ಟು ಅಳೆದರೆ 12.6 ವೋಲ್ಟಿನ ಮೇಲೆ ತುಂಬಿದ್ದು, 12.2 ಅರ್ಧ, 12ರ ಕೆಳಗೆ ಖಾಲಿಯ ದಾರಿ. ಚಾರ್ಜರಿನಿಂದ ಈಗಷ್ಟೇ ತೆಗೆದದ್ದನ್ನು ಅಳೆದರೆ 13 ತೋರಿಸಿ ಮೋಸ ಮಾಡುತ್ತದೆ. ಪ್ಲೇಟಿನ ಮೇಲ್ಮೈಯ ಚಾರ್ಜು ಇಳಿಯುವವರೆಗೆ ಕಾಯಬೇಕು. ಕೊನೆಗೆ ಲೋಡ್ ಟೆಸ್ಟರು. ದೊಡ್ಡ ಕರೆಂಟು ಎಳೆದು 15 ಸೆಕೆಂಡು ಹಿಡಿದಾಗ ವೋಲ್ಟೇಜು 9.6ರ ಕೆಳಗೆ ಜಾರದಿದ್ದರೆ ಸೆಲ್ಫ್ ಎತ್ತುವ ಶಕ್ತಿ ಅದಕ್ಕಿದೆ.

ಚಾರ್ಜಿಂಗ್ ಈ ಕಸುಬಿನ ಹೃದಯ. ಇಲ್ಲಿ ಆತುರವಿಲ್ಲದವನೇ ಗೆಲ್ಲುವುದು. ಬ್ಯಾಟರಿಯ ಆಂಪಿಯರ್-ಅವರಿನ ಹತ್ತರಲ್ಲೊಂದು ಪಾಲು ಕರೆಂಟು, ಹತ್ತು ಹನ್ನೆರಡು ತಾಸು. 35ರ ಕಾರು ಬ್ಯಾಟರಿಗೆ ಮೂರೂವರೆ ಆಂಪಿಯರ್. ಬೈಕಿನ ಬ್ಯಾಟರಿ ನಾಲ್ಕು ಆಂಪಿಯರ್-ಅವರಿನದಾದರೆ 0.4 ಮಾತ್ರ, ಅದಕ್ಕೆ ಕಾರಿನ ಚಾರ್ಜರು ಹಚ್ಚಿದರೆ ಕುದಿದು ಹೊಟ್ಟೆ ಉಬ್ಬುತ್ತದೆ. ಸಲ್ಫೇಟು ಗಟ್ಟಿಯಾಗತೊಡಗಿದ ಬ್ಯಾಟರಿಗಂತೂ ಇದಕ್ಕಿಂತ ಕಡಿಮೆ ಕರೆಂಟು, ಒಂದೂವರೆ-ಎರಡು ದಿನ. ಬಿರುಕು ಬಿಟ್ಟ ಬೇಸಿಗೆಯ ಗದ್ದೆ ಜಿಟಿಜಿಟಿ ಮಳೆಯನ್ನು ಕುಡಿದು, ಧಾರಾಕಾರವಾಗಿ ಸುರಿದದ್ದನ್ನು ಬದುವಿನಾಚೆ ಬಿಟ್ಟುಬಿಡುತ್ತದಲ್ಲ, ಪ್ಲೇಟಿನ ರೀತಿಯೂ ಅದೇ. ಆಮ್ಲ ರಂಧ್ರಗಳ ಒಳಗೆ ಹೋಗಿ ಬರಲು ಸಮಯ ಬೇಕು. ‘ಎರಡು ತಾಸಿನಾಗ ಮಾಡಿಕೊಡು’ ಎಂದು ಅವಸರ ಮಾಡುವ ಗಿರಾಕಿಗೆ ಒಳ್ಳೆಯ ಮಿಸ್ತ್ರಿ ತನ್ನ ಹತ್ತಿರ ಇರುವ ಬೇರೊಂದು ಬ್ಯಾಟರಿ ಕೊಟ್ಟು ಕಳಿಸುತ್ತಾನೆ, ಅವನದನ್ನು ಸುಡುವುದಿಲ್ಲ.

ವೋಲ್ಟೇಜು 14.4ರ ಹತ್ತಿರ ಬಂದಾಗ ಮನೆಗಳಲ್ಲಿ ಗುಳ್ಳೆಯೇಳುತ್ತದೆ. ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತಿರುವ ಗುರುತು ಅದು. ಮಿಸ್ತ್ರಿ ಬಗ್ಗಿ ಆರೂ ಬಾಯಿಗಳನ್ನು ಇಣುಕಿ ನೋಡುತ್ತಾನೆ, ಕಿವಿಗೊಟ್ಟು ಕೇಳುತ್ತಾನೆ. ಆರರಲ್ಲೂ ಒಂದೇ ಸಮನೆ ಬುಳುಬುಳು ಇರಬೇಕು. ಒಂದು ಮನೆ ಮಾತ್ರ ಸುಮ್ಮನಿದ್ದರೆ ಅದರ ಪ್ಲೇಟುಗಳು ಒಳಗೇ ಒಂದಕ್ಕೊಂದು ತಾಗಿವೆ ಎಂಬ ಅನುಮಾನ. ಸ್ವಲ್ಪ ಹೊತ್ತು ಈ ಗುಳ್ಳೆ ಏಳಲೆಂದು ಅವನೇ ಬಿಡುತ್ತಾನೆ. ನಿಂತ ಬ್ಯಾಟರಿಯಲ್ಲಿ ಭಾರದ ಆಮ್ಲ ತಳಕ್ಕೆ ಇಳಿದು, ತೆಳ್ಳಗಿನದು ಮೇಲೆ ಉಳಿದಿರುತ್ತದೆ. ಗುಳ್ಳೆಗಳು ಅದನ್ನು ಕಲಕಿ ಸಮ ಮಾಡುತ್ತವೆ. ಆದರೆ ಆ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಕಿಟಕಿ ತೆರೆದಿರಬೇಕು, ಬೀಡಿ ಹೊರಗೆ. ಗಾಳಿಯಲ್ಲಿ ಶೇಕಡಾ ನಾಲ್ಕರಷ್ಟು ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ಚಾರ್ಜರಿನ ಸ್ವಿಚ್ಚು ಆರಿಸದೆ ಕ್ಲಿಪ್ಪು ಕೀಳುವ ಹುಡುಗನಿಗೆ ಈ ಅಂಗಡಿಗಳಲ್ಲಿ ಬೈಗುಳ ತಪ್ಪಿದ್ದಲ್ಲ, ಅದು ಸರಿಯಾದ ಬೈಗುಳ.

ನೀರು ಹಾಕುವುದರಲ್ಲೂ ಕ್ರಮವಿದೆ. ಪ್ಲೇಟು ಮುಳುಗಿದ್ದರೆ ಚಾರ್ಜಿಗೆ ಮೊದಲು ಮುಟ್ಟಬಾರದು. ಚಾರ್ಜು ಆಗುತ್ತ ಮಟ್ಟ ತಾನೇ ಏರುತ್ತದೆ, ಮೊದಲೇ ತುಂಬಿಸಿದರೆ ಆಮ್ಲ ಉಕ್ಕಿ ಹೋಗುತ್ತದೆ. ಪ್ಲೇಟು ತೆರೆದಿದ್ದರೆ ಮುಳುಗುವಷ್ಟು ಮಾತ್ರ ಹಾಕಿ, ಉಳಿದದ್ದನ್ನು ಚಾರ್ಜಾದ ಮೇಲೆ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರು ಒಂದೇ. ಮನೆಯ ಆರ್‌ಒ ನೀರು, ಬಾವಿಯ ನೀರು ಎಷ್ಟೇ ತಿಳಿಯಾಗಿರಲಿ, ಅದರಲ್ಲಿರುವ ಕಬ್ಬಿಣ, ಕ್ಲೋರೈಡುಗಳು ಒಳಗೊಳಗೇ ಬ್ಯಾಟರಿಯನ್ನು ಇಳಿಸುತ್ತವೆ. ಆಮ್ಲವನ್ನಂತೂ ಎಂದೂ ಸೇರಿಸಬಾರದು. ಹಾರಿಹೋದದ್ದು ನೀರು, ಆಮ್ಲ ಎಲ್ಲಿಯೂ ಹೋಗಿಲ್ಲ, ಪ್ಲೇಟಿನಲ್ಲಿದೆ. ಆಮ್ಲ ಸುರಿದು ಹೈಡ್ರೋಮೀಟರಿನ ಅಂಕಿ ಏರಿಸಿ ಕೊಡುವವರು ಇದ್ದಾರೆ. ಅಂಥ ಬ್ಯಾಟರಿಯ ಪ್ಲೇಟುಗಳು ಬೇಗ ಸವೆದು ಉದುರುತ್ತವೆ.

ಮನೆಯಲ್ಲಿ ಮಾಡಿಕೊಳ್ಳಬೇಕಾದದ್ದು ಕಡಿಮೆ, ಆದರೆ ತಪ್ಪದೆ ಮಾಡಬೇಕು. ತಿಂಗಳ ಮೇಲೆ ನಿಲ್ಲುವ ಗಾಡಿಯಾದರೆ ತುಂಬಿಸಿದ ಬ್ಯಾಟರಿಯ ಮೈನಸ್ ವಯರ್ ಬಿಚ್ಚಿ. ಮೊದಲು ಮೈನಸ್ಸೇ, ಕೂಡಿಸುವಾಗ ಕೊನೆಗೆ ಮೈನಸ್. ಗಾಡಿಯ ಬಾಡಿ ಪೂರ್ತಿ ಮೈನಸ್ಸಿಗೆ ಸೇರಿದೆ. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಪಾನಾದ ಮೂಲಕ ಹರಿದು ಅದು ಕೆಂಪಗಾಗುತ್ತದೆ, ಕೈಯಲ್ಲಿ ಉಂಗುರವಿದ್ದರೆ ಬೆರಳೇ ಹೋಗುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಪಾನಾ ತಾಗಿದರೂ ಏನೂ ಆಗುವುದಿಲ್ಲ. ಗುರುತು ಅಳಿಸಿದ್ದರೆ ದಪ್ಪ ಗೂಟ ಪ್ಲಸ್, ಸಣ್ಣದು ಮೈನಸ್. ವಯರ್ ಬಿಚ್ಚಿದ ಮೇಲೆ ಗಡಿಯಾರ, ರೇಡಿಯೊ, ಕಿಟಕಿಯ ಗುಂಡಿಗಳು ತಮ್ಮ ಸೆಟ್ಟಿಂಗು ಮರೆಯುತ್ತವೆ. ಕೆಲವು ರೇಡಿಯೊಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಂಡರೆ ಒಳ್ಳೆಯದು.

ಭೀಮಗಡದ ಕಡೆಯ ಗಾಡಿಗಳಿಗೆ ವಯರ್ ಬಿಚ್ಚಿದರೆ ಸಾಲದು, ಬ್ಯಾಟರಿಯನ್ನೇ ತೆಗೆದು ಒಣ ಜಾಗದಲ್ಲಿಡುವುದು ವಾಸಿ. ಕಾರಿನದು ಒಂಬತ್ತು-ಹತ್ತು ಕಿಲೋ, ಟ್ರ್ಯಾಕ್ಟರಿನದು ಇಪ್ಪತ್ತು ದಾಟುತ್ತದೆ, ಇಬ್ಬರು ಹಿಡಿಯಬೇಕು. ಹಲಗೆಯ ಮೇಲೇ ಇಡಬೇಕು, ನೆಲಕ್ಕಿಟ್ಟರೆ ಕರೆಂಟು ನೆಲಕ್ಕಿಳಿಯುತ್ತದೆ ಎಂದು ಹಿರಿಯರು ಹೇಳುವುದು ಕಟ್ಟಿಗೆ ಮತ್ತು ಗಟ್ಟಿ ರಬ್ಬರಿನ ಡಬ್ಬಿಗಳ ಕಾಲದ ಅನುಭವ. ಆಗ ಅದು ನಿಜವೂ ಆಗಿತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯವಿಲ್ಲ. ಆದರೂ ಹಲಗೆ ಇರಲಿ, ಆಮ್ಲ ಸೋರಿದರೆ ನೆಲ ಉಳಿಯುತ್ತದೆ.

ಬಿಚ್ಚಿಟ್ಟದ್ದನ್ನು ತಿಂಗಳಿಗೊಮ್ಮೆ ಅಳೆದು, 12.4 ಕಂಡ ಕೂಡಲೇ ಒಂದು ರಾತ್ರಿ ಚಾರ್ಜಿಗೆ ಹಾಕಿದರೆ ಮಳೆಗಾಲ ಕಳೆಯುತ್ತದೆ. ಶಹರದ ಪೋರ್ಚಿನ ಕಾರಿಗೆ ಇನ್ನೂ ಸುಲಭದ ದಾರಿ, ತಾನೇ ನಿಲ್ಲುವ ತಾನೇ ಶುರುವಾಗುವ ಸಣ್ಣ ಚಾರ್ಜರು. ತುಂಬಿದ ಮೇಲೆ ಅದು 13.2ರಿಂದ 13.6 ವೋಲ್ಟಿನಲ್ಲಿ ಹಿಡಿದು, ಬ್ಯಾಟರಿ ಎಷ್ಟು ಇಳಿಯುತ್ತದೋ ಅಷ್ಟನ್ನೇ ಕೊಡುತ್ತಿರುತ್ತದೆ. ವಯರ್ ಬಿಚ್ಚಬೇಕಿಲ್ಲ, ಗಡಿಯಾರವೂ ಮರೆಯುವುದಿಲ್ಲ. ಕೊಳ್ಳುವಾಗ ಎರಡು ಕೇಳಿ ತಿಳಿಯಬೇಕು: ಹೆಸ್ಕಾಂ ಲೈನು ಹೋಗಿ ಬಂದರೆ ಯಾರೂ ಗುಂಡಿ ಒತ್ತದೆ ಮತ್ತೆ ಶುರುವಾಗುತ್ತದೆಯೇ, ಬೈಕಿನ ಬ್ಯಾಟರಿಗೆ ಬೇರೆ ಮಟ್ಟ ಇದೆಯೇ. ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್ ಚಾರ್ಜರನ್ನು ಹಾಗೆ ಕೂಡಿಸಿಟ್ಟು ಊರಿಗೆ ಹೋದರೆ ಬರುವಷ್ಟರಲ್ಲಿ ನೀರೆಲ್ಲ ಆರಿ ಪ್ಲೇಟು ಬಾಗಿರುತ್ತದೆ. ಕರೆಂಟಿಲ್ಲದ ಕೊಟ್ಟಿಗೆಗೆ ಐದು ಹತ್ತು ವ್ಯಾಟಿನ ಸೋಲಾರ್ ಫಲಕ ಆಗುತ್ತದೆ, ನಡುವೆ ಕಂಟ್ರೋಲರು ಇರಬೇಕು. ಆಷಾಢದ ಮೋಡದಲ್ಲಿ ಅದರಿಂದ ಬಹಳ ನಿರೀಕ್ಷಿಸಬಾರದು.

ದಿನಾ ಬೆಳಿಗ್ಗೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸುವ ಹಿರಿಯರು ನಮ್ಮಲ್ಲಿ ಬಹಳ. ಅವರ ಶಿಸ್ತಿಗೆ ನನ್ನ ನಮಸ್ಕಾರ, ಆದರೆ ಲೆಕ್ಕ ಕೂಡುವುದಿಲ್ಲ. ಸೆಲ್ಫ್ ಮೂರು ಸೆಕೆಂಡಿನಲ್ಲಿ ತಿಂದದ್ದನ್ನು ಆಲ್ಟರ್ನೇಟರು ಕೆಲವು ನಿಮಿಷದಲ್ಲಿ ಮರಳಿಸುತ್ತದೆ ನಿಜ. ಮೂರು ವಾರದಲ್ಲಿ ಇಳಿದ ಹತ್ತು ಹದಿನೈದು ಆಂಪಿಯರ್-ಅವರನ್ನು ಮರಳಿಸಲು ತಾಸುಗಟ್ಟಲೆ ಬೇಕು. ಜೊತೆಗೆ ಎಂಜಿನ್ ಪೂರ್ತಿ ಬಿಸಿಯಾಗದೆ ಆರಿದರೆ ಸೈಲೆನ್ಸರಿನಲ್ಲಿ ನೀರು ಉಳಿದು ತುಕ್ಕು ಹಿಡಿಯುತ್ತದೆ. ವಾರ ಹತ್ತು ದಿನಕ್ಕೊಮ್ಮೆ ಖಾನಾಪುರದವರೆಗೆ ಹೋಗಿ ಬರುವುದು ಅದಕ್ಕಿಂತ ಎಷ್ಟೋ ಮೇಲು. ಹೋಗಿ ಬಂದರೆ ಐವತ್ತು ಕಿಲೋಮೀಟರ್, ಬ್ಯಾಟರಿಗೂ ಟೈರಿಗೂ ಎಂಜಿನ್ ಎಣ್ಣೆಗೂ ಒಳ್ಳೆಯದು.

ಬೈಕಿನ ವಿಷಯದಲ್ಲಿ ಹಳೆಯ ಧೈರ್ಯ ಈಗ ನಡೆಯುವುದಿಲ್ಲ. ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಆಯಿತು, ಇಳಿಜಾರಿನಲ್ಲಿ ತಳ್ಳಿದರೆ ಆಯಿತು ಎನ್ನುವುದು ಕಾರ್ಬ್ಯುರೇಟರಿನ ಕಾಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದು ಪೆಟ್ರೋಲು ಹೊಡೆಯುವ ಪಂಪೂ ಕರೆಂಟಿನದಾಯಿತು, ಎಷ್ಟೋ ಮಾದರಿಗಳಲ್ಲಿ ಕಿಕ್ಕೇ ಹೋಯಿತು. ಪೂರ್ತಿ ಸತ್ತ ಬ್ಯಾಟರಿಯ ಬೈಕನ್ನು ಎಷ್ಟು ತಳ್ಳಿದರೂ ಪೆಟ್ರೋಲು ಮೇಲೇರುವುದಿಲ್ಲ. ಗಣಪತಿ ಹಬ್ಬಕ್ಕೆ ನಾಲ್ಕು ದಿನದ ಸೂಟಿ ಹಾಕಿ ಬಂದ ಹುಡುಗನ ಮೊದಲ ದಿನ ಮಿಸ್ತ್ರಿಯ ಅಂಗಡಿಯಲ್ಲೇ ಕಳೆಯುತ್ತದೆ. ತಾಯಿಗೋ ತಮ್ಮನಿಗೋ ಹೋಗುವ ಮೊದಲೇ ಮೀಟರು ಹಿಡಿಯುವುದನ್ನು ಕಲಿಸಿ, ಸೀಟಿನ ಕೆಳಗಿನಿಂದ ಚಾರ್ಜಿಂಗ್ ವಯರೊಂದನ್ನು ಹೊರಗೆ ಬಿಡಿಸಿಕೊಂಡು ಹೋದ ಫೌಜಿಗಳ ಬೈಕು ಬಂದ ದಿನವೇ ಓಡುತ್ತದೆ.

ಇಷ್ಟೆಲ್ಲ ಮಾಡಿದರೂ ಬ್ಯಾಟರಿಗೆ ಆಯುಷ್ಯವಿದೆ. ಸತ್ತದ್ದನ್ನು ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳಬಾರದು. ಸೀಸ ಮಕ್ಕಳ ಮಿದುಳಿಗೆ ವಿಷ. ಹಿತ್ತಿಲಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸಕ್ಕೆ ನಮ್ಮ ಹಳೆಯ ಬ್ಯಾಟರಿ ಹೋಗದಂತೆ ನೋಡುವುದು ನಮ್ಮ ಕೈಯಲ್ಲಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೇ ಹಾಕಿವೆ, ಹೊಸದು ಕೊಳ್ಳುವಾಗ ಅಂಗಡಿಯವರು ಹಳೆಯದಕ್ಕೆ ಬೆಲೆ ಕಟ್ಟಿಯೇ ತೆಗೆದುಕೊಳ್ಳುತ್ತಾರೆ.

ಈಗ ಕಟ್ಟೆಯ ಮೇಲೆ ಹೊಸ ಪ್ರಶ್ನೆ ಬಂದಿದೆ, ಕರೆಂಟಿನ ಗಾಡಿಗಳದು. ಲಿಥಿಯಂ ಬ್ಯಾಟರಿಯ ಸ್ವಭಾವ ಸೀಸದ್ದಕ್ಕಿಂತ ಬೇರೆ. ಅದನ್ನು ತುಂಬಿಸಿ ನಿಲ್ಲಿಸಿದರೆ ಬೇಗ ಮುದಿಯಾಗುತ್ತದೆ, ಪೂರ್ತಿ ಇಳಿಸಿ ನಿಲ್ಲಿಸಿದರೆ ಸತ್ತೇ ಹೋಗಬಹುದು. ಶೇಕಡಾ 40ರಿಂದ 60ರ ನಡುವೆ ತಂಪು ಜಾಗದಲ್ಲಿ ನಿಲ್ಲಿಸಿ, ತಿಂಗಳಿಗೊಮ್ಮೆ ನೋಡಬೇಕು. ನಲವತ್ತು ವರ್ಷ ‘ತುಂಬಿಸಿ ಇಡ್ರಿ’ ಎಂದು ಹೇಳಿದ ಬಾಯಿಯಿಂದಲೇ ‘ಅರ್ಧಕ್ಕ ನಿಲ್ಲಸ್ರಿ’ ಎಂದು ಹೇಳಲು ಕಲಿತ ಮಿಸ್ತ್ರಿಗಳನ್ನು ನೋಡಿ ನನಗೆ ಗೌರವ ಹೆಚ್ಚಿದೆ. ಆದರೆ ಅವರ ಹಳೆಯ ವಿದ್ಯೆಗೂ ಅಲ್ಲಿ ಕೆಲಸವಿದೆ. ಬಹುತೇಕ ಕರೆಂಟಿನ ಕಾರುಗಳಲ್ಲಿ ನೆಲದಡಿಯ ದೊಡ್ಡ ಬ್ಯಾಟರಿಯ ಜೊತೆಗೆ ಬಾನೆಟ್ಟಿನ ಕೆಳಗೆ 12 ವೋಲ್ಟಿನ ಸಣ್ಣದೊಂದು ಇರುತ್ತದೆ. ಬಾಗಿಲು, ಕಂಪ್ಯೂಟರು, ದೊಡ್ಡ ಬ್ಯಾಟರಿಯನ್ನು ಕೂಡಿಸುವ ಸ್ವಿಚ್ಚು ಎಲ್ಲ ನಡೆಯುವುದು ಅದರಿಂದ. ಅದು ಇಳಿದರೆ ದೊಡ್ಡದರಲ್ಲಿ ಮುನ್ನೂರು ಕಿಲೋಮೀಟರಿನ ಕರೆಂಟು ಇದ್ದರೂ ರಿಮೋಟಿಗೆ ಕಾರಿನ ಬಾಗಿಲೇ ತೆರೆಯುವುದಿಲ್ಲ. ಅಂಥ ಕಾರನ್ನು ಮಳೆಗಾಲಕ್ಕೆ ನಿಲ್ಲಿಸುವವರು ಕಂಪನಿಯ ಪುಸ್ತಕದಲ್ಲಿ ಆ ಸಣ್ಣ ಬ್ಯಾಟರಿಯನ್ನು ಮುಟ್ಟುವ ಕ್ರಮ ಓದಿಕೊಳ್ಳಬೇಕು, ರಿಮೋಟಿನ ಹೊಟ್ಟೆಯೊಳಗೆ ಅಡಗಿರುವ ಲೋಹದ ಚಾವಿಯನ್ನು ಒಮ್ಮೆ ಹೊರತೆಗೆದು ಬಾಗಿಲಿಗೆ ಹಾಕಿ ತಿರುಗಿಸಿ ನೋಡಿರಬೇಕು.